ಹೊಸ ಆಲ್ಟರ್ನೇಟರ್ ಬಂದರೂ ಆರದ ಕೆಂಪು ದೀಪ

ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ಹಳೆಯ ಡೀಸೆಲ್ ಜೀಪುಗಳಿಗೆ ಇನ್ನೂ ನಿವೃತ್ತಿ ದೊರೆತಿಲ್ಲ. ಕಾಫಿ ತೋಟಗಳಿಗೆ ಕಾರ್ಮಿಕರನ್ನು ಕರೆತರುವುದರಿಂದ ಹಿಡಿದು ಮಡಿಕೇರಿಯಿಂದ ಮಾಂದಲ್‌ಪಟ್ಟಿಯ ತುದಿಗೆ ಪ್ರವಾಸಿಗರನ್ನು ಹೊತ್ತೊಯ್ಯುವವರೆಗೆ ಅವುಗಳ ದುಡಿಮೆ ನಿರಂತರವಾಗಿದೆ. ವರ್ಷಗಳು ಕಳೆದಂತೆ ಈ ವಾಹನಗಳ ಮೈಮೇಲಿನ ಒಡವೆಗಳೂ ಹೆಚ್ಚುತ್ತಿವೆ. ಮುಂಭಾಗದಲ್ಲಿ ಎರಡು ಮಂಜಿನ ದೀಪ, ಒಳಗೆ ಮ್ಯೂಸಿಕ್ ಸಿಸ್ಟಮ್, ನಾಲ್ಕಾರು ಮೊಬೈಲ್ ಚಾರ್ಜರ್, ಕೆಲವು ಶೋಕಿಯವರಿಗೆ ಕೆಸರಿನಿಂದ ವಾಹನವನ್ನು ಎಳೆದುಕೊಳ್ಳುವ ವಿದ್ಯುತ್ ವಿಂಚ್. ಇಷ್ಟಕ್ಕೂ ವಿದ್ಯುತ್ ಒದಗಿಸಬೇಕಾದದ್ದು ಎಂಜಿನ್‌ನ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ಒಂದು ಸಣ್ಣ ಯಂತ್ರ. ನಮ್ಮ ಗ್ಯಾರೇಜುಗಳು ಇಂದಿಗೂ ಅದನ್ನು 'ಡೈನಮೋ' ಎಂದೇ ಕರೆಯುತ್ತವೆಯಾದರೂ ಅದರ ನಿಜವಾದ ಹೆಸರು ಆಲ್ಟರ್ನೇಟರ್. 35 ಅಥವಾ 45 ಆಂಪಿಯರ್ ಸಾಮರ್ಥ್ಯದ ಮೂಲ ಯಂತ್ರ ಸೋತಾಗ ಮಾಲೀಕರು 90 ಆಂಪಿಯರ್‌ನ ಬೇರೊಂದನ್ನು ತಂದು ಕೂರಿಸುತ್ತಾರೆ. ಹಲವರ ತಲೆನೋವು ಆರಂಭವಾಗುವುದು ಅಲ್ಲಿಂದಲೇ. ಎಂಜಿನ್ ಚಾಲೂ ಆಗಿ ಬಹಳ ಹೊತ್ತಾದರೂ ಡ್ಯಾಶ್‌ಬೋರ್ಡಿನಲ್ಲಿರುವ ಬ್ಯಾಟರಿ ಚಿತ್ರದ ಕೆಂಪು ದೀಪ ಆರುವುದಿಲ್ಲ.

ಕೆಲವು ಮಳೆಗಾಲಗಳ ಹಿಂದೆ ಈ ವರದಿಗಾರನೂ ಅಂತಹ ದೀಪದ ಮಹಿಮೆಯನ್ನು ಕಣ್ಣಾರೆ ಕಂಡದ್ದುಂಟು. ಪರಿಚಿತರೊಬ್ಬರ ಜೀಪಿನಲ್ಲಿ ಉಜಿರೆಯಿಂದ ಚಾರ್ಮಾಡಿ ಘಟ್ಟ ಏರುತ್ತಿದ್ದೆವು. ಹಿಂದಿನ ವಾರವಷ್ಟೇ ಹೊಸ ಆಲ್ಟರ್ನೇಟರ್ ಹಾಕಿಸಿದ್ದರು. ಹಗಲಿನಲ್ಲಿ ಎಲ್ಲವೂ ಸರಿಯಾಗಿತ್ತಂತೆ. ರಾತ್ರಿ ಹೆಡ್‌ಲೈಟ್ ಹಾಕಿದೊಡನೆ ಮಾತ್ರ ಕೆಂಪು ದೀಪ ಮಂದವಾಗಿ ಮಿನುಗುತ್ತಿತ್ತಂತೆ. ಹೊಸ ಯಂತ್ರವಾದ್ದರಿಂದ ದೋಷ ದೀಪದ್ದೇ ಇರಬೇಕೆಂದು ತೀರ್ಮಾನಿಸಿ, ಕಣ್ಣಿಗೆ ಕಿರಿಕಿರಿಯಾಗದಿರಲೆಂದು ಅವರು ಆ ದಿನ ಬೆಳಿಗ್ಗೆ ಬಲ್ಬನ್ನೇ ಕಿತ್ತು ಡಬ್ಬಿಯಲ್ಲಿ ಹಾಕಿದ್ದರು. ಸಂಜೆಯ ಮಳೆ, ಮಂಜು, ಎದುರಿಗೆ ತಿರುವಿನ ಮೇಲೆ ತಿರುವು. ಅರ್ಧ ಘಟ್ಟ ಏರುವಷ್ಟರಲ್ಲಿ ಹೆಡ್‌ಲೈಟು ಕಿತ್ತಳೆ ಬಣ್ಣಕ್ಕೆ ತಿರುಗಿತು, ವೈಪರ್ ಗಾಜಿನ ನಡುವೆ ನಿಂತುಕೊಂಡಿತು. ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನ್ ಆದ್ದರಿಂದ ವಿದ್ಯುತ್ ಇಲ್ಲದೆಯೂ ಓಡುತ್ತಲೇ ಇತ್ತು. ರಸ್ತೆ ಮಾತ್ರ ಕಾಣಿಸುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಲಾರಿಯೊಂದರ ಹಿಂದಿನ ದೀಪವನ್ನೇ ನಂಬಿಕೊಂಡು ಕೊಟ್ಟಿಗೆಹಾರ ತಲುಪಿದೆವು.

ಬಲ್ಬು ಕಿತ್ತದ್ದಕ್ಕೂ ಬ್ಯಾಟರಿ ಬರಿದಾದದ್ದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ, ಅದೂ ನೇರವಾದ ಸಂಬಂಧ.

ದೀಪದ ಎರಡು ತುದಿಗಳು

ಈ ದೀಪ ಕೇವಲ ಸೂಚಕವೆಂದು ಬಹಳಷ್ಟು ಚಾಲಕರು ಭಾವಿಸಿದ್ದಾರೆ. ಆದರೆ ಹಳೆಯ ಮಾದರಿಯ ಬಹುಪಾಲು ಆಲ್ಟರ್ನೇಟರುಗಳಲ್ಲಿ ಅದು ಯಂತ್ರದ ಕೆಲಸದಲ್ಲಿಯೇ ಪಾಲುದಾರ. ಆಲ್ಟರ್ನೇಟರಿನ ಒಳಗೆ ತಿರುಗುವ ಭಾಗದಲ್ಲಿ (ರೋಟರ್) ಒಂದು ತಾಮ್ರದ ಸುರುಳಿಯಿದೆ. ಆ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಮಾತ್ರ ಅದು ಅಯಸ್ಕಾಂತವಾಗುತ್ತದೆ. ಅಯಸ್ಕಾಂತ ತಿರುಗಿದರೆ ಸುತ್ತಲಿನ ಸ್ಥಿರ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಹಾಗೆ ಹುಟ್ಟಿದ ಎಸಿ ವಿದ್ಯುತ್ತನ್ನು ಡಯೋಡುಗಳು ಡಿಸಿಯಾಗಿ ಪರಿವರ್ತಿಸಿ ಬ್ಯಾಟರಿಗೆ ಕಳಿಸುತ್ತವೆ. ಪ್ರಶ್ನೆ ಇರುವುದು ಮೊದಲ ಹೆಜ್ಜೆಯಲ್ಲಿ. ಯಂತ್ರ ಇನ್ನೂ ವಿದ್ಯುತ್ ಉತ್ಪಾದಿಸದೆ ಇರುವಾಗ ರೋಟರಿಗೆ ಮೊದಲ ಗುಟುಕು ಕೊಡುವವರು ಯಾರು?

ಕೊಡುವುದು ಈ ಕೆಂಪು ದೀಪವೇ. ಕೀ ತಿರುಗಿಸಿದಾಗ ಬ್ಯಾಟರಿಯ ವಿದ್ಯುತ್ ಇಗ್ನಿಷನ್ ಸ್ವಿಚ್ಚಿನ ಮೂಲಕ ದೀಪಕ್ಕೆ, ಅಲ್ಲಿಂದ ಆಲ್ಟರ್ನೇಟರಿನ ಸಣ್ಣ ತಿರುಪಿಗೆ, ಅಲ್ಲಿಂದ ರೋಟರಿನ ಮೂಲಕ ಬಾಡಿ ಅರ್ತ್‌ಗೆ ಹರಿಯುತ್ತದೆ. ದೀಪ ಬೆಳಗುತ್ತದೆ, ರೋಟರಿನಲ್ಲಿ ಅಲ್ಪ ಕಾಂತತ್ವ ಮೂಡುತ್ತದೆ. ಎಂಜಿನ್ ಚಾಲೂ ಆಗಿ ಉತ್ಪಾದನೆ ಆರಂಭವಾದೊಡನೆ ಯಂತ್ರದ ಒಳಗಿನ ಮೂರು ಸಣ್ಣ ಡಯೋಡುಗಳು ರೋಟರಿಗೆ ಬೇಕಾದ ವಿದ್ಯುತ್ತನ್ನು ತಾವೇ ಒದಗಿಸುತ್ತವೆ. ಆಗ ಆ ಸಣ್ಣ ತಿರುಪಿನಲ್ಲಿಯೂ ಸುಮಾರು 14 ವೋಲ್ಟ್, ಇಗ್ನಿಷನ್ ಕಡೆಯಲ್ಲಿಯೂ 14 ವೋಲ್ಟ್. ಒಂದೇ ಮಟ್ಟದಲ್ಲಿರುವ ಎರಡು ತೊಟ್ಟಿಗಳ ನಡುವೆ ಕೊಳವೆ ಇಟ್ಟರೆ ನೀರು ಹರಿಯದಲ್ಲವೇ, ಹಾಗೆಯೇ ದೀಪದ ಎರಡೂ ತುದಿ ಸಮವಾದಾಗ ಅದರಲ್ಲಿ ಪ್ರವಾಹ ನಿಲ್ಲುತ್ತದೆ, ದೀಪ ಆರುತ್ತದೆ.

ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ದೀಪ ಉರಿಯುತ್ತಿದೆ ಎಂದರೆ ಅದರ ಎರಡು ತುದಿಗಳ ನಡುವೆ ವೋಲ್ಟೇಜಿನ ಅಂತರವಿದೆ ಎಂದಷ್ಟೇ ಅರ್ಥ. ಆಲ್ಟರ್ನೇಟರ್ ಸತ್ತಿದ್ದರೂ ಅಂತರ ಉಂಟಾಗುತ್ತದೆ. ಆಲ್ಟರ್ನೇಟರ್ ಚೆನ್ನಾಗಿದ್ದು ತಂತಿ ದುರ್ಬಲವಾಗಿದ್ದರೂ ಉಂಟಾಗುತ್ತದೆ. ಪೂರ್ಣ ಬೆಳಕು ಮೊದಲಿನದನ್ನೂ, ಮಂದ ಬೆಳಕು ಹೆಚ್ಚಾಗಿ ಎರಡನೆಯದನ್ನೂ ಸೂಚಿಸುತ್ತದೆ. ಮಂದ ಬೆಳಕಿಗೆ ಆಲ್ಟರ್ನೇಟರಿನ ಒಳಗಿನ ಒಂದು ಡಯೋಡ್ ಸುಟ್ಟಿರುವುದೂ ಕಾರಣವಾಗಬಹುದು ಎಂಬುದನ್ನು ಮರೆಯುವಂತಿಲ್ಲ.

ನಿಜವಾದ ಡೈನಮೋದ ಕಾಲದಲ್ಲಿ ಸಂಗತಿ ಬೇರೆಯಿತ್ತು. ಡೈನಮೋದ ಕಬ್ಬಿಣದಲ್ಲಿ ಉಳಿದಿರುತ್ತಿದ್ದ ಕಾಂತತ್ವವೇ ಉತ್ಪಾದನೆಯನ್ನು ಆರಂಭಿಸುತ್ತಿದ್ದುದರಿಂದ ಬಲ್ಬು ಸುಟ್ಟರೂ ಚಾರ್ಜಿಂಗ್ ನಡೆಯುತ್ತಿತ್ತು. ಅಗ್ಗದ, ಗಟ್ಟಿಯಾದ ಸಿಲಿಕಾನ್ ಡಯೋಡುಗಳು ಬಂದ ನಂತರವೇ ಆಲ್ಟರ್ನೇಟರ್ ವಾಹನಗಳಿಗೆ ಕಾಲಿಟ್ಟಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆ 1960ರ ವೇಲಿಯಂಟ್ ಕಾರಿನಲ್ಲಿ ಅದನ್ನು ಅಳವಡಿಸಿತ್ತು. ಡೈನಮೋ ಜೀಪುಗಳ ಮೇಲೆ ಕೈ ಪಳಗಿದ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಕೆಲವರು ಇಂದಿಗೂ ದೀಪವನ್ನು ಲೆಕ್ಕಕ್ಕಿಡುವುದಿಲ್ಲ. ಅವರ ಅನುಭವ ಸುಳ್ಳಲ್ಲ, ಯಂತ್ರ ಬದಲಾಗಿದೆ. ಆಲ್ಟರ್ನೇಟರಿನ ರೋಟರಿನಲ್ಲಿಯೂ ಸ್ವಲ್ಪ ಕಾಂತತ್ವ ಉಳಿದಿರುತ್ತದೆಯಾದರೂ ಅದು ಎಚ್ಚರಗೊಳ್ಳಬೇಕಾದರೆ ಎಂಜಿನ್ ಜೋರಾಗಿ ತಿರುಗಬೇಕು. ನಿಧಾನಗತಿಯ ಡೀಸೆಲ್ ಎಂಜಿನ್ ಅಷ್ಟು ವೇಗ ಮುಟ್ಟುವುದು ಅಪರೂಪ. ಚಾರ್ಮಾಡಿಯಲ್ಲಿ ನಮ್ಮ ಜೀಪಿಗೆ ಆದದ್ದು ಇದೇ. ಬಲ್ಬಿಲ್ಲದೆ ಮೊದಲ ಗುಟುಕು ಸಿಗದ ಹೊಸ ಆಲ್ಟರ್ನೇಟರ್, ದಿನವಿಡೀ ಸುಮ್ಮನೆ ತಿರುಗುತ್ತಿತ್ತು.

ತಂತಿ ಹಳೆಯದು, ಯಂತ್ರ ಹೊಸದು

ಹಾಗಾದರೆ ಬಲ್ಬು ಕೀಳುವ ಮೊದಲು ಅದು ರಾತ್ರಿ ಮಿನುಗುತ್ತಿದ್ದುದೇಕೆ? ನಮ್ಮ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಕಾಣುವ, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ದೋಷ ಇದು. ಆದ್ದರಿಂದ ಲೆಕ್ಕವನ್ನು ತುಸು ವಿವರವಾಗಿಯೇ ನೋಡುವುದು ಒಳಿತು.

ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಮುಖ್ಯ ತಂತಿ ಹಳೆಯ ಯಂತ್ರದ ಅಳತೆಗೆ ತಕ್ಕದ್ದು. 4 ಚದರ ಮಿ.ಮೀ. ದಪ್ಪದ, 3 ಮೀಟರ್ ಉದ್ದದ ತಾಮ್ರದ ತಂತಿ ಎಂದಿಟ್ಟುಕೊಳ್ಳೋಣ. ಅದರ ರೋಧ ಸುಮಾರು 0.013 ಓಮ್. ಕೇಳಲು ಏನೂ ಅಲ್ಲ. ಆದರೆ ಅದರಲ್ಲಿ 60 ಆಂಪಿಯರ್ ಹರಿದಾಗ ದಾರಿಯಲ್ಲಿಯೇ 0.8 ವೋಲ್ಟ್‌ನಷ್ಟು ಕಳೆದುಹೋಗುತ್ತದೆ, ಜೊತೆಗೆ 47 ವಾಟ್ ಶಾಖವಾಗಿ ತಂತಿಯನ್ನು ಕಾಯಿಸುತ್ತದೆ. ರೇಡಿಯೋ ರಿಪೇರಿಯವರ ಸಾಮಾನ್ಯ ಸೋಲ್ಡರಿಂಗ್ ಕಡ್ಡಿ 25 ಅಥವಾ 35 ವಾಟಿನದು ಎಂಬುದನ್ನು ನೆನೆದರೆ ಅಪಾಯದ ಅಂದಾಜು ಸಿಗುತ್ತದೆ. ಅದೇ ತಂತಿ 16 ಚದರ ಮಿ.ಮೀ. ದಪ್ಪವಿದ್ದರೆ ನಷ್ಟ ಕೇವಲ 0.2 ವೋಲ್ಟ್.

ಇದರೊಂದಿಗೆ ಇನ್ನೊಂದು ಸೋರಿಕೆಯೂ ಸೇರುತ್ತದೆ. ಅನೇಕ ಹಳೆಯ ಜೀಪುಗಳಲ್ಲಿ ಹೆಡ್‌ಲೈಟು, ಮಂಜಿನ ದೀಪ, ಹಾರ್ನ್ ಎಲ್ಲಕ್ಕೂ ವಿದ್ಯುತ್ ಹೋಗುವುದು ಸವೆದ ಇಗ್ನಿಷನ್ ಸ್ವಿಚ್ಚು ಹಾಗೂ ತುಕ್ಕು ಹಿಡಿದ ಫ್ಯೂಸ್ ಪೆಟ್ಟಿಗೆಯ ಮೂಲಕ. ಅಲ್ಲಿ ಮತ್ತೊಂದು ವೋಲ್ಟ್ ಬಿದ್ದುಹೋಯಿತೆನ್ನಿ. ಈಗ ಆಲ್ಟರ್ನೇಟರಿನ ಬಾಯಲ್ಲಿ 14.2 ವೋಲ್ಟ್, ದೀಪದ ಇಗ್ನಿಷನ್ ತುದಿಯಲ್ಲಿ ಹನ್ನೆರಡೂವರೆಯ ಆಸುಪಾಸು. ಅಂತರ ಎರಡು ವೋಲ್ಟ್‌ಗೆ ಹತ್ತಿರ. ಬಲ್ಬಿನೊಳಗಿನ ಎಳೆ ಕೆಂಡದಂತೆ ಕಾಣಿಸಿಕೊಳ್ಳಲು, ಅದೂ ಕತ್ತಲಿನಲ್ಲಿ, ಇಷ್ಟು ಸಾಕು. ಹಗಲಿನಲ್ಲಿ ದೀಪಗಳ ಹೊರೆ ಇಲ್ಲ, ಅಂತರವೂ ಇಲ್ಲ, ಮಿನುಗೂ ಇಲ್ಲ. ಪಾಪದ ದೀಪ ಸತ್ಯವನ್ನೇ ಹೇಳುತ್ತಿತ್ತು. ತಂತಿಗಳು ಸೋತಿವೆ ಎನ್ನುತ್ತಿತ್ತು.

ಪರಿಹಾರವೂ ಇಲ್ಲಿಯೇ ಇದೆ. ಹೊಸ ಆಲ್ಟರ್ನೇಟರ್ ಕೂರಿಸುವ ದಿನವೇ ಅದರ ದಪ್ಪ ತಿರುಪಿನಿಂದ ಬ್ಯಾಟರಿಯ ಧನಾಗ್ರಕ್ಕೆ ನೇರವಾಗಿ ಹೊಸ ಕೇಬಲ್ ಎಳೆಯಬೇಕು. 90 ಆಂಪಿಯರಿಗೆ 16 ಚದರ ಮಿ.ಮೀ. ಯೋಗ್ಯ ಅಳತೆ. ತುದಿಗಳಿಗೆ ತಾಮ್ರದ ಲಗ್‌ಗಳನ್ನು ಒತ್ತುಯಂತ್ರದಿಂದಲೇ ಒತ್ತಿಸಬೇಕು. ಸುತ್ತಿಗೆಯಿಂದ ಚಚ್ಚಿದ ಲಗ್ ಎರಡು ಮಳೆಗಾಲ ಬಾಳುವುದಿಲ್ಲ. ಬ್ಯಾಟರಿಯ ಹತ್ತಿರದಲ್ಲಿ 125 ಆಂಪಿಯರಿನ ಫ್ಯೂಸ್ ಇರಲಿ. ಈ ಫ್ಯೂಸನ್ನು ವ್ಯರ್ಥ ಖರ್ಚೆಂದು ಕೈಬಿಡುವವರಿದ್ದಾರೆ. ಬ್ಯಾಟರಿಯಿಂದ ಬರುವ ಈ ತಂತಿ ಕೀ ತೆಗೆದಾಗಲೂ ಜೀವಂತ; ಎಂಜಿನ್‌ನ ಅದುರಿಗೆ ಉಜ್ಜಿ ಹೊದಿಕೆ ಹರಿದು ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ವಾಹನಕ್ಕೆ ಬೆಂಕಿ ಹತ್ತುತ್ತದೆ.

ಅರ್ತ್ ಕಡೆಯನ್ನೂ ಮರೆಯಬಾರದು. ಹೋಗುವ ದಾರಿ ಎಷ್ಟು ಅಗಲವೋ ಬರುವ ದಾರಿಯೂ ಅಷ್ಟೇ ಅಗಲವಿರಬೇಕು. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುವುದರಿಂದ ಎಂಜಿನ್‌ನಿಂದ ಚಾಸಿಗೆ, ಬ್ಯಾಟರಿಯ ಋಣಾಗ್ರಕ್ಕೆ ದಪ್ಪನೆಯ ಪಟ್ಟಿ ಬೇಕೇ ಬೇಕು. ಹೊಸ ಬ್ರಾಕೆಟ್ಟಿಗೆ ಬಳಿದ ಬಣ್ಣವೇ ಅರ್ತ್‌ಗೆ ಅಡ್ಡವಾಗುವುದೂ ಉಂಟು; ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆಯಬೇಕು.

ಹೆಡ್‌ಲೈಟು, ಮಂಜಿನ ದೀಪಗಳಿಗೆ ರಿಲೇ ಹಾಕಿ ಬ್ಯಾಟರಿಯಿಂದ ನೇರ ವಿದ್ಯುತ್ ಕೊಟ್ಟರೆ ಇಗ್ನಿಷನ್ ಸ್ವಿಚ್ಚಿನ ಮೇಲಿನ ಹೊರೆ ಇಳಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಆಂಪಿಯರ್ ಮೀಟರ್ ಇರುವ ಜೀಪುಗಳ ಮಾಲೀಕರು ಇನ್ನೂ ಒಂದು ಎಚ್ಚರಿಕೆ ವಹಿಸಬೇಕು. ಎರಡೂ ಬದಿಗೆ 30ರವರೆಗೆ ಗುರುತುಗಳಿರುವ ಆ ಮೀಟರಿನ ಮೂಲಕವೇ ಇಡೀ ಚಾರ್ಜಿಂಗ್ ಪ್ರವಾಹ ಹಾದುಹೋಗುತ್ತದೆ. 90 ಆಂಪಿಯರಿನ ಯಂತ್ರ ಬರಿದಾದ ಬ್ಯಾಟರಿಗೆ ಚಾರ್ಜ್ ಮಾಡಲಾರಂಭಿಸಿದರೆ ಮೀಟರ್ ಸುಡುವುದು ನಿಶ್ಚಿತ. ಅದನ್ನು ಬೈಪಾಸ್ ಮಾಡಿ ವೋಲ್ಟ್ ಮೀಟರ್ ಹಾಕಿಸುವುದೇ ಜಾಣತನ.

ಬಲ್ಬಿನ ವಾಟ್ ಮತ್ತು ಎಲ್‌ಇಡಿ ಮೋಹ

ಮೊದಲ ಗುಟುಕು ಕೊಡುವ ಕೆಲಸಕ್ಕೆ ಬಲ್ಬಿನ ಅಳತೆ ಮುಖ್ಯ. 2.2 ವಾಟಿನ ಬಲ್ಬು ಸುಮಾರು 0.18 ಆಂಪಿಯರ್ ಬಿಡುತ್ತದೆ, 3 ವಾಟಿನದು 0.25. ಅಂಗಡಿಯಲ್ಲಿ ಕೈಗೆ ಸಿಕ್ಕ 1.2 ವಾಟಿನ ಪುಟ್ಟ ಬಲ್ಬು ಹಾಕಿದರೆ 0.1 ಆಂಪಿಯರ್ ಮಾತ್ರ. ಹಳೆಯ ಆಲ್ಟರ್ನೇಟರಿಗೆ ಅಷ್ಟು ಸಾಕಾಗಿರಬಹುದು, ಹೊಸದಕ್ಕೆ ಸಾಲದೆ ಹೋಗಬಹುದು. ಇದರ ಲಕ್ಷಣ ಸ್ಪಷ್ಟ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ದೀಪ ಉರಿಯುತ್ತಲೇ ಇರುತ್ತದೆ. ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಆರುತ್ತದೆ. ನಂತರ ಐಡಲಿಂಗಿಗೆ ಬಂದರೂ ಮತ್ತೆ ಉರಿಯುವುದಿಲ್ಲ.

ಇತ್ತೀಚೆಗೆ ಡ್ಯಾಶ್‌ಬೋರ್ಡಿನ ಎಲ್ಲ ಬಲ್ಬುಗಳನ್ನೂ ಎಲ್‌ಇಡಿಗೆ ಬದಲಿಸುವ ಚಪಲ ಹೆಚ್ಚಿದೆ. ಎಲ್‌ಇಡಿ ಬಿಡುವ ಪ್ರವಾಹ 0.02 ಆಂಪಿಯರಿನಷ್ಟು, ಅಂದರೆ ಬಲ್ಬಿನ ಹತ್ತನೆಯ ಒಂದು ಭಾಗ. ರೋಟರಿಗೆ ಅದು ಏತಕ್ಕೂ ಸಾಲದು. ಸಾಲದೆಂಬುದು ಒಂದೆಡೆಯಾದರೆ, ಎಲ್‌ಇಡಿ ಬೆಳಗಲು ಅತ್ಯಲ್ಪ ಪ್ರವಾಹವೇ ಸಾಕಾದ್ದರಿಂದ ಬಲ್ಬು ತೋರಿಸದೆ ನುಂಗಿಕೊಳ್ಳುತ್ತಿದ್ದ ಸಣ್ಣಪುಟ್ಟ ಅಂತರಗಳನ್ನೂ ಅದು ಎತ್ತಿ ತೋರಿಸುತ್ತದೆ. ಎಲ್‌ಇಡಿ ಬೇಕೇ ಬೇಕೆನ್ನುವವರು ದೀಪಕ್ಕೆ ಸಮಾನಾಂತರವಾಗಿ 68 ಓಮ್, 5 ವಾಟಿನ ರೆಸಿಸ್ಟರ್ ಸೇರಿಸಿದರೆ 0.18 ಆಂಪಿಯರ್ ಅದರ ಮೂಲಕ ಹರಿಯುತ್ತದೆ. ಕೆಲವು ರೂಪಾಯಿಗಳ ಈ ವಸ್ತು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಬಲ್ಬನ್ನೇ ಉಳಿಸಿಕೊಂಡವರಿಗೂ ಇದು ಉಪಯುಕ್ತ. ಬಲ್ಬು ಸುಟ್ಟರೂ ಚಾರ್ಜಿಂಗ್ ನಿಲ್ಲದು. ಕೀ ಹಾಕಿ ಎಂಜಿನ್ ಚಾಲೂ ಮಾಡದೆ ಬಿಟ್ಟರೆ ರೆಸಿಸ್ಟರ್ ಕೈ ಮುಟ್ಟಲಾಗದಷ್ಟು ಬಿಸಿಯಾಗುವುದರಿಂದ ಪ್ಲಾಸ್ಟಿಕ್ಕಿನಿಂದ, ತಂತಿಗಳ ಕಟ್ಟಿನಿಂದ ದೂರವಿಡಬೇಕು.

ತಿರುಪುಗಳ ಭಾಷೆ

ಗುಜರಿಯಿಂದ ತಂದ ಆಲ್ಟರ್ನೇಟರ್ ಎಂದರೆ ಅದು ಯಾವ ವಾಹನದ್ದೋ, ಯಾವ ಕಂಪನಿಯದ್ದೋ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಕೊಂಡರೂ ಒಂದೊಂದು ತಯಾರಕರದ್ದು ಒಂದೊಂದು ಸಂಪ್ರದಾಯ. ಬಾಷ್ ಯಂತ್ರಗಳಲ್ಲಿ ದೀಪದ ತಿರುಪಿಗೆ 'ಡಿ ಪ್ಲಸ್' ಎಂದು, ಲ್ಯೂಕಾಸ್ ಸಂಪ್ರದಾಯದವುಗಳಲ್ಲಿ 'ಐಎನ್‌ಡಿ' ಎಂದು, ಜಪಾನೀ ಮೂಲದವುಗಳಲ್ಲಿ 'ಎಲ್' ಎಂದು ಗುರುತಿರುತ್ತದೆ. ಡೀಸೆಲ್ ವಾಹನಗಳದ್ದರಲ್ಲಿ 'ಡಬ್ಲ್ಯೂ' ಎಂಬ ಇನ್ನೊಂದು ತಿರುಪು ಇರಬಹುದು. ಅದು ಎಂಜಿನ್ ವೇಗ ಅಳೆಯುವ ಮೀಟರಿನದು, ದೀಪಕ್ಕೆ ಸಂಬಂಧಪಟ್ಟದ್ದಲ್ಲ.

ಜಪಾನೀ ಪದ್ಧತಿಯಲ್ಲಿ ಮೂರು ಸಣ್ಣ ತಂತಿಗಳಿರುವುದುಂಟು. 'ಐಜಿ' ತಂತಿಗೆ ಕೀ ಹಾಕಿದಾಗ ಬರುವ 12 ವೋಲ್ಟ್ ಕೊಡಬೇಕು. ರೆಗ್ಯುಲೇಟರನ್ನು ಎಬ್ಬಿಸುವುದು ಇದೇ. 'ಎಸ್' ತಂತಿಯನ್ನು ಬ್ಯಾಟರಿಗೆ ಜೋಡಿಸಬೇಕು. ಅದು ಬ್ಯಾಟರಿಯ ವೋಲ್ಟೇಜನ್ನು ಅಳೆಯುವ ಕಣ್ಣು. 'ಎಲ್' ದೀಪಕ್ಕೆ. ಇಲ್ಲಿ ದೀಪವನ್ನು ಉರಿಸುವುದು ರೆಗ್ಯುಲೇಟರಿನೊಳಗಿನ ಟ್ರಾನ್ಸಿಸ್ಟರ್. ಒಂದು ತಂತಿಯ ಹಳೆಯ ವಾಹನಕ್ಕೆ ಇಂತಹ ಯಂತ್ರ ಹಾಕಿ, ಉಳಿದೆರಡನ್ನು ಗಾಳಿಯಲ್ಲಿ ಬಿಟ್ಟರೆ ದೀಪ ಉರಿಯುವುದರಲ್ಲಿ ಆಶ್ಚರ್ಯವಿಲ್ಲ. 'ಎಸ್' ತಂತಿ ಬ್ಯಾಟರಿಗೆ ತಲುಪದಿದ್ದರೆ ಅದನ್ನೇ ದೋಷವೆಂದು ಗ್ರಹಿಸಿ ದೀಪ ಹೊತ್ತಿಸುವ ರೆಗ್ಯುಲೇಟರುಗಳೂ ಇವೆ. ಇದಕ್ಕಿಂತ ದೊಡ್ಡ ಪ್ರಮಾದವೆಂದರೆ 'ಎಲ್' ತಂತಿಗೆ ಬಲ್ಬಿಲ್ಲದೆ ನೇರವಾಗಿ 12 ವೋಲ್ಟ್ ಕೊಡುವುದು. ತಡೆಯಲು ಬಲ್ಬಿಲ್ಲದ ಕಾರಣ ಟ್ರಾನ್ಸಿಸ್ಟರ್ ಕ್ಷಣದಲ್ಲಿ ಸುಡುತ್ತದೆ. ಹೊಸ ಯಂತ್ರ ಪೆಟ್ಟಿಗೆಯಿಂದ ಹೊರಬಂದ ದಿನವೇ ರಿಪೇರಿಗೆ ಹೋಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ತಿರುಪುಗಳ ವಿವರವಿರುವ ಚೀಟಿಯನ್ನು ಕೇಳಿ ಪಡೆಯುವುದು ಕ್ಷೇಮ.

ಹೊರಗಿದ್ದ ಕಟೌಟ್ ಪೆಟ್ಟಿಗೆಯನ್ನು ತೆಗೆದು, ಒಳಗೇ ರೆಗ್ಯುಲೇಟರ್ ಇರುವ ಯಂತ್ರ ಹಾಕಿದ ಪೆಟ್ರೋಲ್ ವಾಹನಗಳಲ್ಲಿ ಒಂದು ವಿಚಿತ್ರ ಕಾಣಿಸಿಕೊಳ್ಳುತ್ತದೆ. ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ! ತಿರುಗುತ್ತಿರುವ ಆಲ್ಟರ್ನೇಟರಿನ ವಿದ್ಯುತ್ ದೀಪದ ಮೂಲಕ ಹಿಮ್ಮುಖವಾಗಿ ಹರಿದು ಇಗ್ನಿಷನ್ ಕಾಯಿಲ್ ತಲುಪುತ್ತಿರುತ್ತದೆ. ದೀಪದ ತಂತಿಯಲ್ಲಿ ಪ್ರವಾಹ ಆಲ್ಟರ್ನೇಟರಿನ ಕಡೆಗೆ ಮಾತ್ರ ಹೋಗುವಂತೆ ಒಂದು ಆಂಪಿಯರಿನ ಡಯೋಡ್ ಸೇರಿಸಿದರೆ ಈ ಭೂತ ಬಿಡುತ್ತದೆ.

ಬೆಲ್ಟು, ಪುಲ್ಲಿ ಮತ್ತು ಬ್ರೇಕು

90 ಆಂಪಿಯರ್, 14 ವೋಲ್ಟ್ ಎಂದರೆ 1,260 ವಾಟ್. ಆಲ್ಟರ್ನೇಟರಿನ ದಕ್ಷತೆ ಶೇ. 55ರ ಆಸುಪಾಸು ಎಂದು ಹಿಡಿದರೆ ಬೆಲ್ಟು ಎಳೆಯಬೇಕಾದದ್ದು ಸುಮಾರು ಮೂರು ಅಶ್ವಶಕ್ತಿ. ನಮ್ಮ ಕಡೆಯ ತೋಟದ ಬಾವಿಯ ಪಂಪಿನಷ್ಟು. ಒಂದೇ ಕಿರಿದಾದ ಬೆಲ್ಟಿಗೆ ಇದು ಮಿತಿಯ ಅಂಚು. ಬೆಲ್ಟು ಸಡಿಲವಾಗಿದ್ದರೆ ಕೀಚಲು ಸದ್ದಿನೊಂದಿಗೆ ಜಾರುತ್ತದೆ, ದೀಪ ಹತ್ತಿ ಆರುತ್ತದೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು 10ರಿಂದ 12 ಮಿ.ಮೀ. ತಗ್ಗಬೇಕು, ಹೊಸ ಬೆಲ್ಟು ಹಾಕಿದ ನಂತರ ನೂರಿನ್ನೂರು ಕಿ.ಮೀ. ಓಡಿಸಿ ಇನ್ನೊಮ್ಮೆ ಬಿಗಿ ಮಾಡಬೇಕು. ಅತಿಯಾಗಿ ಬಿಗಿದರೆ ಬೇರಿಂಗ್ ಹಾಳಾಗುತ್ತದೆ.

ಪುಲ್ಲಿಯ ವ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಎಂಜಿನ್‌ನ ಪುಲ್ಲಿ 150 ಮಿ.ಮೀ., ಆಲ್ಟರ್ನೇಟರಿನದು 75 ಮಿ.ಮೀ. ಇದ್ದರೆ 750 ಸುತ್ತಿನ ಐಡಲಿಂಗಿನಲ್ಲಿ ಆಲ್ಟರ್ನೇಟರ್ 1,500 ಸುತ್ತು ತಿರುಗುತ್ತದೆ. ದೊಡ್ಡ ಯಂತ್ರಗಳು ಹಲವು ಆ ವೇಗದಲ್ಲಿ ಇನ್ನೂ ನಿದ್ದೆಯಲ್ಲಿಯೇ ಇರುತ್ತವೆ. 60 ಮಿ.ಮೀ. ಪುಲ್ಲಿ ಹಾಕಿದರೆ 1,875 ಸುತ್ತು ದೊರೆಯುತ್ತದೆ. ಹಳೆಯ ಆಲ್ಟರ್ನೇಟರಿನ ಪುಲ್ಲಿಯನ್ನು ಬಿಚ್ಚಿ ಹೊಸದಕ್ಕೆ ಹಾಕುವಾಗ ಈ ಲೆಕ್ಕ ತಪ್ಪುವುದೇ ಹೆಚ್ಚು.

ಇನ್ನು ಘಟ್ಟದವರು ವಿಶೇಷವಾಗಿ ಗಮನಿಸಬೇಕಾದ ವಿಷಯ. ನಮ್ಮ ದೇಶದ ಅನೇಕ ಡೀಸೆಲ್ ಜೀಪು, ವ್ಯಾನುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಒಂದು ವ್ಯಾಕ್ಯೂಮ್ ಪಂಪ್ ಜೋಡಣೆಯಾಗಿರುತ್ತದೆ. ಬ್ರೇಕನ್ನು ಹಗುರಗೊಳಿಸುವ ಬೂಸ್ಟರಿಗೆ ನಿರ್ವಾತ ಒದಗಿಸುವುದು ಅದೇ. ಪಂಪಿಗೆ ಎಂಜಿನ್‌ನಿಂದ ಆಯಿಲ್ ಕೊಳವೆಯೂ ಬಂದಿರುತ್ತದೆ. ಪೆಟ್ರೋಲ್ ಕಾರಿನ ದೊಡ್ಡ ಆಲ್ಟರ್ನೇಟರ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಚಾರ್ಜಿಂಗ್ ಸೊಗಸಾಗಿ ನಡೆದೀತು, ಆದರೆ ಬ್ರೇಕ್ ಕಲ್ಲಿನಂತಾಗುತ್ತದೆ. ಸರಿಯಾದ ಯಂತ್ರವೇ ಇದ್ದರೂ ಬೆಲ್ಟು ಹರಿದರೆ ಪರಿಣಾಮ ಒಂದೇ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಬಾರಿ ಒತ್ತುವುದರೊಳಗೆ ಮುಗಿಯುತ್ತದೆ. ನೀರಿನ ಪಂಪೂ ಅದೇ ಬೆಲ್ಟಿನ ಮೇಲಿದ್ದರೆ ಎಂಜಿನ್ ಕುದಿಯುತ್ತದೆ. ಇಂತಹ ವಾಹನದಲ್ಲಿ ಇಳಿಜಾರಿನಲ್ಲಿ ಕೆಂಪು ದೀಪ ಪೂರ್ಣವಾಗಿ ಹೊತ್ತಿಕೊಂಡರೆ ಊರು ಹತ್ತಿರವಿದೆ ಎಂದು ಮುಂದುವರಿಯಬಾರದು. ಗೇರ್ ಇಳಿಸಿ, ಬದಿಗೆ ನಿಲ್ಲಿಸಿ, ಬೆಲ್ಟನ್ನು ನೋಡಬೇಕು. ಬಲ್ಬು ಕಿತ್ತವರಿಗೆ ಈ ಮುನ್ಸೂಚನೆಯೂ ಇಲ್ಲ.

ಅಳೆದು ನೋಡುವ ಬಗೆ

ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಯಾರೂ ಈ ಪರೀಕ್ಷೆಗಳನ್ನು ಮಾಡಬಹುದು. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ ಪೂರ್ಣ ಚಾರ್ಜಾಗಿದ್ದರೆ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಮಾತ್ರ. ಎಂಜಿನ್ ಓಡುತ್ತಿರುವಾಗ ಅದೇ ತುದಿಗಳಲ್ಲಿ 13.8ರಿಂದ 14.5 ಇರಬೇಕು. ಹೆಡ್‌ಲೈಟು, ವೈಪರ್ ಎಲ್ಲ ಹಾಕಿ ಎಂಜಿನ್ ವೇಗ ತುಸು ಏರಿಸಿದಾಗಲೂ 13.5ಕ್ಕಿಂತ ಕೆಳಗಿಳಿಯಬಾರದು.

ಅದೇ ಹೊರೆಯಲ್ಲಿ ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಿರುಪಿಗೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಧನಾಗ್ರಕ್ಕೆ ಇಟ್ಟು ನೋಡಿ. ಅಲ್ಲಿ ಬರುವ ಅಂಕಿ ತಂತಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. 0.3 ಆದರೆ ಒಳ್ಳೆಯದು, 0.5 ದಾಟಿದರೆ ಕೇಬಲ್ ಬದಲಿಸಬೇಕು. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಋಣಾಗ್ರಕ್ಕೂ ನಡುವೆ 0.2ಕ್ಕಿಂತ ಹೆಚ್ಚಿದ್ದರೆ ಅರ್ತ್ ದುರ್ಬಲ.

ದೀಪದ ತಂತಿಯನ್ನು ಪರೀಕ್ಷಿಸಲು ಎಂಜಿನ್ ನಿಲ್ಲಿಸಿ, ಆ ತಂತಿಯನ್ನು ಆಲ್ಟರ್ನೇಟರಿನಿಂದ ಬಿಡಿಸಿ, ಕೀ ಹಾಕಬೇಕು. ಈಗ ದೀಪ ಆರಿರಬೇಕು. ಉರಿಯುತ್ತಿದ್ದರೆ ತಂತಿ ಎಲ್ಲೋ ಬಾಡಿಗೆ ತಾಗಿದೆ. ಬಿಡಿಸಿದ ತುದಿಯನ್ನು ಎಂಜಿನ್‌ನ ಲೋಹಕ್ಕೆ ಮುಟ್ಟಿಸಿದರೆ ದೀಪ ಬೆಳಗಬೇಕು. ಬೆಳಗದಿದ್ದರೆ ಬಲ್ಬು, ಹೋಲ್ಡರ್ ಅಥವಾ ತಂತಿಯಲ್ಲಿ ದೋಷವಿದೆ. ಎರಡೂ ಸರಿಯಾಗಿದ್ದು ದೀಪ ಹಠ ಮಾಡಿದರೆ ಆಗ ಆಲ್ಟರ್ನೇಟರ್ ಬಿಚ್ಚುವ ಮಾತು. ಇದು ಬಲ್ಬಿನ ಕಾಲದ ವಾಹನಗಳಿಗೆ ಮಾತ್ರ ಎಂಬುದು ನೆನಪಿರಲಿ.

ಕೆಲಸಕ್ಕೆ ಕೈ ಹಾಕುವ ಮುನ್ನ ಬ್ಯಾಟರಿಯ ಋಣಾಗ್ರವನ್ನು ಬಿಡಿಸುವುದು ಕಡ್ಡಾಯ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ತೆಗೆದು, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ ಎಂದು ಪ್ರಮಾಣಪತ್ರ ಕೊಡುವ ಪದ್ಧತಿ ಡೈನಮೋ ಕಾಲದ್ದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ದಿಢೀರನೆ ಏರಿ ಡಯೋಡ್, ರೆಗ್ಯುಲೇಟರ್ ಸುಡುತ್ತವೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವವರು ತಮ್ಮ ಹಳೆಯ ಬ್ರಿಟಿಷ್ ವಾಹನ ಧನ ಅರ್ತ್‌ನದ್ದೇ ಎಂದೂ ನೋಡಿಕೊಳ್ಳಬೇಕು. ಇಂದಿನ ಆಲ್ಟರ್ನೇಟರುಗಳಿಗೆ ಋಣ ಅರ್ತ್ ಬೇಕು.

ದೀಪ ಹೇಳದ ಒಂದು ಕಾಯಿಲೆಯೂ ಇದೆ. ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 16ಕ್ಕೆ ಏರಿದರೂ ಅನೇಕ ವಾಹನಗಳಲ್ಲಿ ಕೆಂಪು ದೀಪ ಆರಿಯೇ ಇರುತ್ತದೆ. ಬ್ಯಾಟರಿಯ ನೀರು ಬೇಗ ಬತ್ತುವುದು, ಕೊಳೆತ ಮೊಟ್ಟೆಯಂತಹ ವಾಸನೆ, ಹೆಡ್‌ಲೈಟ್ ಬಲ್ಬುಗಳು ಪದೇ ಪದೇ ಸುಡುವುದು ಅದರ ಗುರುತು.

ಹೊಸ ಕಾರುಗಳ ಗೋಜು ಬೇಡ

ಈಚಿನ ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್ ಎಷ್ಟು ಉತ್ಪಾದಿಸಬೇಕೆಂದು ನಿರ್ಧರಿಸುವುದು ಎಂಜಿನ್‌ನ ಕಂಪ್ಯೂಟರ್. ದೀಪ ಹೊತ್ತಿಸುವುದೂ ಅದೇ. ಅಲ್ಲಿ ಹೊರಗಿನ ಯಂತ್ರ ಕೂರಿಸಿದರೆ ಕಂಪ್ಯೂಟರಿಗೆ ನಿರೀಕ್ಷಿತ ಉತ್ತರ ಬಾರದೆ ದೀಪ ಶಾಶ್ವತವಾಗಿ ಉರಿಯುತ್ತದೆ. ಯಾವ ಬಲ್ಬು, ರೆಸಿಸ್ಟರ್‌ನಿಂದಲೂ ಅದು ವಾಸಿಯಾಗದು. ಮಾರುತಿ ಸುಜುಕಿ 2015ರಲ್ಲಿ ಸಿಯಾಜ್ ಕಾರಿನಲ್ಲಿ ತಂದ ಎಸ್‌ಎಚ್‌ವಿಎಸ್ ವ್ಯವಸ್ಥೆಯಲ್ಲಂತೂ ಒಂದೇ ಯಂತ್ರ ಆಲ್ಟರ್ನೇಟರೂ ಹೌದು, ಸ್ಟಾರ್ಟರೂ ಹೌದು. ಇವುಗಳ ತಂಟೆಗೆ ಹೋಗದಿರುವುದೇ ಲೇಸು. ವಾಹನದ ಮೂಲ ಸ್ವರೂಪವನ್ನು ಬದಲಿಸುವುದರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ನಿರ್ಬಂಧವಿದ್ದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಾರಂಟಿ, ವಿಮೆಯ ಷರತ್ತುಗಳನ್ನು ಓದಿಕೊಳ್ಳದೆ ಹೊಸ ವಾಹನದ ತಂತಿ ಕತ್ತರಿಸುವುದು ತರವಲ್ಲ.

ಹಳೆಯ ಜೀಪಿನವರೂ ಮೊದಲು ತಮ್ಮ ಅಗತ್ಯವನ್ನು ಕೂಡಿ ನೋಡಬೇಕು. 60 ವಾಟಿನ ಎರಡು ಹೆಡ್‌ಲೈಟಿಗೆ 10 ಆಂಪಿಯರ್, 55 ವಾಟಿನ ಎರಡು ಮಂಜಿನ ದೀಪಕ್ಕೆ 9, ವೈಪರಿಗೆ ನಾಲ್ಕೈದು, ಉಳಿದದ್ದಕ್ಕೆ ಇನ್ನು ನಾಲ್ಕು. ಒಟ್ಟು 28. ಸುಸ್ಥಿತಿಯಲ್ಲಿರುವ 45 ಆಂಪಿಯರಿನ ಯಂತ್ರಕ್ಕೆ ಇದು ಭಾರವೇನಲ್ಲ. ವಿಂಚ್ ಎಳೆಯುವ ನಾಲ್ಕು ನೂರು ಆಂಪಿಯರನ್ನಂತೂ ಯಾವ ಆಲ್ಟರ್ನೇಟರೂ ಕೊಡದು, ಅದು ಬ್ಯಾಟರಿಯ ಕೆಲಸ. ಎಷ್ಟೋ ಕಡೆ ಬೇಕಾಗಿರುವುದು ಹೊಸ ಆಲ್ಟರ್ನೇಟರ್ ಅಲ್ಲ, ಹೊಸ ಕಾರ್ಬನ್ ಬ್ರಷ್ ಮತ್ತು ಶುದ್ಧವಾದ ಅರ್ತ್.

ಚಾರ್ಮಾಡಿಯ ಆ ಜೀಪಿಗೆ ಮರುದಿನ ಮೂಡಿಗೆರೆಯಲ್ಲಿ 16 ಚದರ ಮಿ.ಮೀ. ಕೇಬಲ್ ಎಳೆದು, ಆಂಪಿಯರ್ ಮೀಟರನ್ನು ಬದಿಗಿಟ್ಟು, ಹೆಡ್‌ಲೈಟಿಗೆ ಎರಡು ರಿಲೇ ಹಾಕಿಸಲಾಯಿತು. ಅರ್ಧ ದಿನದ ಕೆಲಸ. ಡಬ್ಬಿಯಲ್ಲಿದ್ದ 2.2 ವಾಟಿನ ಬಲ್ಬನ್ನು ಮಾಲೀಕರು ಒರೆಸಿ ತಾವೇ ಹೋಲ್ಡರಿಗೆ ಸೇರಿಸಿದರು. ಕೀ ತಿರುಗಿಸಿದಾಗ ದೀಪ ಕೆಂಪಗೆ ಹೊತ್ತಿತು. ಎಂಜಿನ್ ಚಾಲೂ ಆದ ಮರುಕ್ಷಣ ಆರಿತು. ಎಲ್ಲ ದೀಪಗಳನ್ನೂ ಹಾಕಿ ಗ್ಯಾರೇಜಿನ ಕತ್ತಲ ಮೂಲೆಯಲ್ಲಿ ನಿಲ್ಲಿಸಿ ನೋಡಿದರೂ ಮತ್ತೆ ಮಿನುಗಲಿಲ್ಲ.